ಭಂಡಾರ ಬಿದ್ದ ಲ್ಯಾಪ್‌ಟಾಪ್

ನಮ್ಮ ಕರಜಗಿಯಲ್ಲಿ ಈಗ ಮಿಕ್ಸರ್ ಇಲ್ಲದ ಮನೆ ಇಲ್ಲ, ಟಿ.ವಿ. ಇಲ್ಲದ ಮನೆ ಇಲ್ಲ. ಮೊಬೈಲಂತೂ ಕೈಗೊಂದು. ಸಾಮಾನು ಮನೆಗೆ ಬಂದ ದಿನ ಓಣಿಗೆಲ್ಲ ಪೇಢೆ ಹಂಚುತ್ತೇವೆ. ಅದು ಕೆಟ್ಟ ದಿನ ಏನು ಮಾಡಬೇಕು ಎಂದು ಮಾತ್ರ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆಗ ತಲೆಗೊಂದು ಬುದ್ಧಿ. ಒಬ್ಬ ಅದನ್ನು ಬಡಿದು ನೋಡುತ್ತಾನೆ, ಒಬ್ಬ ಬಿಸಿಲಿಗೆ ಇಡುತ್ತಾನೆ, ಒಬ್ಬ ಸುಳ್ಳು ಹೇಳಿ ರಿಪೇರಿಗೆ ಕೊಟ್ಟು ಬರುತ್ತಾನೆ. ಹಾಗೆ ಸುಳ್ಳು ಹೇಳಿ ಕೊಟ್ಟುಬಂದವನು ನಮ್ಮ ನೆರೆಮನೆಯ ಅಣ್ಣಾರಾಯ. ಹೆಸರು ಮುಚ್ಚಿಡಬೇಡಿರಿ, ಹೆಸರು ಹಾಕಿಯೇ ಓದಿರಿ ಎಂದು ಅವನೇ ಹೇಳಿದ್ದಾನೆ. ಅದಕ್ಕೇ ಕಮಳಾಬಾಯಿಯಾದ ನಾನು ನಮ್ಮ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಣ್ಣುಮಕ್ಕಳ ಮುಂದೆ ಇದನ್ನು ಓದುತ್ತಿದ್ದೇನೆ.

ಅಣ್ಣಾರಾಯನ ಅಪ್ಪ ಮೈಲಾರಲಿಂಗ ಕುರಿ ಕಾಯ್ದು ಬಾಳಿದವರು. ಅವರು ಕುರುಬರ ದೇವರು ಬಿರೋಬಾನ ಗುಡಿಯಲ್ಲಿ ಡೊಳ್ಳು ಹಾಕಿಕೊಂಡು ಹಾಡಲು ನಿಂತರೆ ಕುರನೂರಿನಿಂದಲೂ ಮಂದಿ ಬರುತ್ತಿದ್ದರು. ಅವರ ಮೊಮ್ಮಗಳು, ಅಣ್ಣಾರಾಯನ ಮಗಳು ಸೋನಾಲಿ ಸೊಲ್ಲಾಪುರದ ಕಾಲೇಜಿನಲ್ಲಿ ಓದುತ್ತಾಳೆ. ಊರಿಗೆ ಬಂದಾಗಲೆಲ್ಲ ಮುತ್ಯಾನನ್ನು ಕಟ್ಟೆಯ ಮೇಲೆ ಕೂಡಿಸಿ, ಮೊಬೈಲು ಎದುರಿಗಿಟ್ಟು, ಹಾಡು ತುಂಬಿಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ಜಾಗ ಸಾಲದಾದಾಗ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸಾಗಿಸಿ, ಮೊಬೈಲಿನಿಂದ ಅಳಿಸಿದಳು. ಹೋದ ಬೇಸಿಗೆಯಲ್ಲಿ ಮುತ್ಯಾ ತೀರಿಕೊಂಡರು. ಅವರ ದನಿ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಉಳಿಯಿತು.

ಮುತ್ಯಾನ ಹೆಂಡತಿ ತುಳಜಾಬಾಯಿಗೆ ಕಣ್ಣು ಕಾಣುವುದಿಲ್ಲ. ಗೋಡೆಯ ಮೇಲಿನ ಗಂಡನ ಫೋಟೋ ಅವರ ಪಾಲಿಗೆ ಬರೀ ಗಾಜು. ಅವರಿಗೆ ಉಳಿದದ್ದು ಆ ದನಿ ಒಂದೇ. ಸೋನಾಲಿ ಶನಿವಾರ ಎಸ್.ಟಿ. ಬಸ್ಸು ಹತ್ತಿ ಬರುವಳು, ರವಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಹಾಡು ಹಚ್ಚುವಳು. ತುಳಜಾಬಾಯಿ ಅಂದು ಬೇಗ ಜಳಕ ಮಾಡಿ, ಸೆರಗು ಹೊದ್ದು ಬಂದು ಕೂಡುವರು. ಹಾಡು ಮುಗಿಯುವತನಕ ಒಂದು ಮಾತಿಲ್ಲ. ನಾನು ಎಷ್ಟೋ ಸಲ ಪಕ್ಕದಲ್ಲಿ ಕೂತು ಆ ಮುಖ ನೋಡಿದ್ದೇನೆ.

ಆಯುಧಪೂಜೆಯ ಖಂಡೇನವಮಿ ಬಂತು. ಅವರ ಮನೆಯ ಪದ್ಧತಿ ನಿಮಗೂ ಗೊತ್ತು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಕುಡುಗೋಲು, ಕೊಡಲಿ, ಡೊಳ್ಳು ಎಲ್ಲ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಟ್ಟರು. ಮುತ್ಯಾನ ದನಿ ಇರುವುದು ಇದರಲ್ಲಿಯೇ ಎಂದು ಲ್ಯಾಪ್‌ಟಾಪನ್ನು ನಟ್ಟನಡುವೆ ತೆರೆದಿಟ್ಟು ಹಾಡು ಹಚ್ಚಿದರು. ಅಣ್ಣಾರಾಯ ವೀಳ್ಯದೆಲೆಯಿಂದ ನೀರು ಚಿಮುಕಿಸಿದ. ಆಮೇಲೆ ಎಲ್ಲರೂ ಏಳಕೋಟಿ ಎಂದು ಕೂಗಿ ಭಂಡಾರವನ್ನು, ಅಂದರೆ ದೇವರ ಅರಿಶಿನ ಪುಡಿಯನ್ನು, ಬೊಗಸೆ ಬೊಗಸೆ ಎರಚಿದರು. ಕತ್ತರಿಗೂ ಅರಿಶಿನ, ಡೊಳ್ಳಿಗೂ ಅರಿಶಿನ, ಲ್ಯಾಪ್‌ಟಾಪಿಗೂ ಅರಿಶಿನ. ಕತ್ತರಿ ಕೊಡಲಿಗೆ ಭಂಡಾರದಿಂದ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್ ಆಗ ನಡೆಯುತ್ತಿತ್ತು, ಒಳಗಿನ ಫ್ಯಾನು ಗಾಳಿಯ ಜೊತೆ ಆ ಹಸಿ ಪುಡಿಯನ್ನೂ ಎಳೆದುಕೊಳ್ಳುತ್ತಿತ್ತು. ಇದು ನಮಗ್ಯಾರಿಗೂ ಹೊಳೆಯಲಿಲ್ಲ.

ದೀಪಾವಳಿಯ ಹೊತ್ತಿಗೆ ಅದು ಕಾದ ಹಂಚಾಗತೊಡಗಿತು. ಆಮೇಲೊಂದು ದಿನ ತಾನೇ ಆರಿಹೋಯಿತು. ಸೋನಾಲಿ ಎಷ್ಟು ಒತ್ತಿದರೂ ಹತ್ತಲಿಲ್ಲ. ಅವಳಿಗೆ ಪರೀಕ್ಷೆ ಇತ್ತು. “ಅಪ್ಪಾ, ಸೊಲ್ಲಾಪುರದಾಗ ಕಂಪನಿ ಸರ್ವಿಸ್ ಸೆಂಟರ್ ಐತಿ, ಅಲ್ಲೇ ಒಯ್ದು ಕೊಡು. ಮುತ್ಯಾನ ಹಾಡು ಅದಾವ ಅಂತ ಹೇಳು” ಎಂದು ಹೇಳಿ ಹೋದಳು.

ನನ್ನ ಸೊಸೆ ಕಾಂಚನ ಅಕ್ಕಲಕೋಟದಲ್ಲಿ ಮೊಬೈಲು, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಣ್ಣಾರಾಯ ಹೊರಡುವ ಹಿಂದಿನ ಸಂಜೆ ಅವಳೇ ಅವರ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

“ಅಣ್ಣಾ, ಕೊಡೂಕಿಂತ ಮೊದಲ ಒಳಗಿನ ಹಾಡು ತಗದಿಟ್ಕೋಬೇಕು. ನಮ್ಮ ಅಂಗಡಿಗಿ ತರ್ರಿ, ಬಿಚ್ಚಿ ನೋಡ್ತೀವಿ.”

“ಬ್ಯಾಡವಾ ತಂಗಿ. ನೀವು ಬಿಚ್ಚಿದ್ರ ಕಂಪನಿ ಗ್ಯಾರಂಟಿ ಹೋಗ್ತೈತಿ.”

“ಖರೆ, ಅದೂ ಐತಿ. ಹಂಗಿದ್ರ ಅಲ್ಲಿ ಬಾಯಿಬಿಟ್ಟು ಹೇಳ್ರಿ. ಒಳಗ ಭಂಡಾರ ಹೋಗೈತಿ, ನೀರೂ ಬಿದ್ದೈತಿ. ಮುತ್ಯಾನ ಹಾಡು ಇದರಾಗಷ್ಟ ಅದಾವ, ಮೊದಲ ಅವನ್ನ ತಗದು ಕೊಡ್ರಿ ಅಂತ ಹೇಳ್ರಿ.”

ಅಣ್ಣಾರಾಯನ ಮುಖ ಗಂಟಿಕ್ಕಿತು. “ಭಂಡಾರದಿಂದ ಕೆಟ್ಟಿತು ಅಂತ ನನ್ನ ಬಾಯಿಲೆ ಹೇಳಲೇನು? ನಮ್ಮಪ್ಪ ಹಣಿ ತುಂಬ ಅದನ್ನ ಹಚ್ಚಿಕೊಂಡು ಸತ್ತಾನ. ಸಿಟಿ ಮಂದಿ ಮುಂದ ದೇವರಿಗಿ ಕೆಟ್ಟ ಹೆಸರ ತರಲೇನು?”

“ದೇವರಿಗಿ ಕೆಟ್ಟ ಹೆಸರ ತರೂದಲ್ಲ ಅಣ್ಣಾ. ಡಾಕ್ಟರಗ ಏನ ತಿಂದಿ ಅಂತ ಹೇಳಲಿಲ್ಲಂದ್ರ ಅವ ಏನ ಔಷಧ ಕೊಡಬೇಕು?”

“ನೀ ಸಣ್ಣಾಕಿ, ಸುಮ್ಮನಿರು. ಮಷೀನು ಕೆಟ್ಟೈತಿ, ಮಷೀನು ಮಾಡಿ ಕೊಡ್ತಾರ. ಡೊಳ್ಳಿಗಿ ಹೊಸಾ ಚರ್ಮ ಹಾಕ್ಸಿದ್ರ ಡೊಳ್ಳು ಅದಾ ಅಲ್ಲೇನು?”

ಕಾಂಚನ ಇನ್ನೇನೋ ಹೇಳಲು ಬಾಯಿ ತೆರೆದಳು. ನಾನೇ ಕಣ್ಣು ಸನ್ನೆ ಮಾಡಿದೆ, ಹಟ ಹಿಡಿದವನ ಜೊತೆ ಏನು ವಾದ ಎಂದು.

ಸರ್ವಿಸ್ ಸೆಂಟರಿನಲ್ಲಿ ನಡೆದದ್ದನ್ನು ಆಮೇಲೆ ಅಣ್ಣಾರಾಯನೇ ಹೇಳಿದ. ಹೋಗುವ ಮೊದಲು ಅವನು ಉಣ್ಣೆಯ ಕುಂಚದಿಂದ ಲ್ಯಾಪ್‌ಟಾಪಿನ ಮೈಯೆಲ್ಲ ಉಜ್ಜಿ, ಹಳದಿ ಕಾಣದ ಹಾಗೆ ಮಾಡಿದ್ದ. ಕೌಂಟರಿನಲ್ಲಿ ಸೂರಜ ಎಂಬವನಿದ್ದ. ಮಂದ್ರೂಪದವನು, ನಮ್ಮ ಮಾತೇ ಆಡುವವನು. ಒಂದೊಂದಾಗಿ ಕೇಳಿದ.

“ನೀರ ಬಿದ್ದಾವೇನ್ರಿ?”

“ಇಲ್ಲ.”

“ಧೂಳ, ಪುಡಿ ಏನರ ಒಳಗ ಹೋಗೈತೇನು?”

“ಇಲ್ರಿ.”

“ಒಳಗ ನಿಮಗ ಬೇಕಾದ್ದು ಏನರ ಐತೇನ್ರಿ?”

ಇಲ್ಲಿ ಅಣ್ಣಾರಾಯ ತಡೆದನಂತೆ. ಹಾಡು ಎಂದರೆ ಯಾರ ಹಾಡು ಎಂದು ಕೇಳುತ್ತಾರೆ. ಬಿರೋಬಾನ ಹಾಡು ಎಂದರೆ ಪೂಜೆಯ ಮಾತು ಬರುತ್ತದೆ. ಪೂಜೆಯ ಮಾತು ಬಂದರೆ ಭಂಡಾರವೂ ಹೊರಬೀಳುತ್ತದೆ. ಎರಡು ಸುಳ್ಳು ಆಗಲೇ ಆಡಿದವನಿಗೆ ಮೂರನೆಯದು ತಾನಾಗಿ ಬಾಯಿಗೆ ಬಂತು. “ಏನೂ ಇಲ್ರಿ, ಬರೇ ಚಾಲೂ ಮಾಡಿ ಕೊಡ್ರಿ” ಎಂದ. ಸೂರಜ ಅದನ್ನೇ ಬರೆದುಕೊಂಡ. ಅವನದೇನು ತಪ್ಪು?

ಲ್ಯಾಪ್‌ಟಾಪ್ ಹೊಸದರಂತೆ ಆಗಿ ಮನೆಗೆ ಬಂತು. ರವಿವಾರ ತುಳಜಾಬಾಯಿ ಎಂದಿನಂತೆ ಜಳಕ ಮಾಡಿ ಬಂದು ಕೂತರು. ಸೋನಾಲಿ ತೆರೆದಳು. ಬಹಳ ಹೊತ್ತು ಹುಡುಕಿದಳು.

“ಯಾಕವಾ, ಇನ್ನಾ ಹತ್ತಲಿಲ್ಲೇನು?” ಎಂದರು ತುಳಜಾಬಾಯಿ.

“ಹತ್ತೈತಿ ಆಯಿ.” ಅವಳು ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಹಾಡು ಇಲ್ಲ. ಏನೇನೂ ಇಲ್ಲ. ಅಂಗಡಿಯಿಂದ ಇವತ್ತ ತಂದಾಂಗ ಐತಿ.”

ನಾನು ಓಡಿಹೋಗಿ ಕಾಂಚನಳನ್ನು ಕರೆತಂದೆ. ಅವಳೂ ನೋಡಿದಳು, ತಲೆ ಅಲ್ಲಾಡಿಸಿದಳು. ಮಾರನೆಯ ದಿನ ಸರ್ವಿಸ್ ಸೆಂಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ಸೂರಜ ಮಾತಿಗೆ ಬಂದ.

“ಅಕ್ಕಾರ, ಈ ಲ್ಯಾಪ್‌ಟಾಪಿನಾಗ ತುಂಬಿದ್ದೆಲ್ಲಾ ಬೋರ್ಡಿನ ಮ್ಯಾಲೇ ಇರ್ತೈತ್ರಿ. ಬೋರ್ಡ್ ಬದಲಿ ಮಾಡಿದ್ರ ಅದರ ಜೋಡಿ ಎಲ್ಲಾ ಹೋಗ್ತೈತಿ. ಹಳೇ ಬೋರ್ಡ್ ಕಂಪನಿಗಿ ವಾಪಸ್ ಹೋತು. ಅಲ್ಲಿ ಒಡದು ಹಾಕ್ತಾರ, ತಿರುಗಿ ಬರೂದಿಲ್ಲ.”

“ಒಳಗ ಪುಡಿ ಕಾಣಲಿಲ್ಲೇನ್ರಿ?” ಎಂದು ಕಾಂಚನ ಕೇಳಿದಳು.

“ಕಂಡಿತ್ರಿ. ದಸರಾ ಮುಗೀತಂದ್ರ ನಮ್ಮಲ್ಲಿ ಹಿಂಥಾವು ಬರ್ತಾವ, ನಮಗೇನ ಹೊಸಾದಲ್ಲ. ಅವ್ರು ತಗೊಳ್ಳುವಾಗ ನೀರ, ಪುಡಿ ಬಿದ್ದು ಕೆಟ್ರೂ ಮಾಡಿ ಕೊಡೂ ಅಪಘಾತದ ಪ್ಲ್ಯಾನ್ ಹಾಕ್ಸ್ಯಾರ, ಅದರಾಗ ಇದೂ ಬರ್ತೈತಿ. ಹಾಡು ಬೇಕು ಅಂತ ಒಂದ ಮಾತು ಅಂದಿದ್ರ, ಬೋರ್ಡ್ ತೊಳದು ಒಂದ ಸಲಾ ಚಾಲೂ ಮಾಡಿ ತಗಿಯಾಕ ನೋಡ್ತಿದ್ದೆವ್ರಿ. ಏನೂ ಬ್ಯಾಡ ಅಂದ್ರು.”

ಕಾಂಚನ ಫೋನು ಇಟ್ಟಳು. ಸುಳ್ಳು ಹೇಳುವ ಕಾರಣವೇ ಇರಲಿಲ್ಲ, ನೋಡಿ. ಕಂಪನಿಯವರು ಬೈಯುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ನನಗೆ ಅಣ್ಣಾರಾಯನ ಮೇಲೆ ಸಿಟ್ಟು ಬಂದು ಮೈ ಉರಿಯಿತು, ಆದರೆ ಅವನ ಮುಖ ನೋಡಿ ನುಂಗಿಕೊಂಡೆ. ಅವನು ತಾಯಿಯ ಕಾಲ ಹತ್ತಿರ ಕುಸಿದು ಕೂತಿದ್ದ.

“ಅವ್ವಾ, ಭಂಡಾರದ ಮ್ಯಾಲ ಮಾತ ಬರಬಾರದು ಅಂತ ಹಂಗ ಅಂದ್ನಿ.”

ತುಳಜಾಬಾಯಿ ಕೈಚಾಚಿ ಅವನ ತಲೆ ಹುಡುಕಿ, ಅದರ ಮೇಲೆ ಕೈಯಿಟ್ಟರು. “ದೇವರ ಮಾನ ಕಾಯಾಕ ನೀ ಯಾರಪಾ? ಅವಗ ನಿನ್ನ ಸುಳ್ಳು ಬೇಕಾಗಿತ್ತೇನು?”

ನನಗೆ ಸಮಾಧಾನ ಹೇಳುವುದು ಬಾರದು, ಆದರೂ ಹೇಳಿದೆ. “ಅಕ್ಕಾ, ಹಾಡು ಎಲ್ಲಿ ಹೋಗ್ತಾವ? ಡೊಳ್ಳಿನ ಮಂದಿಗಿ ಎಲ್ಲಾ ಬರ್ತಾವ. ಕುರನೂರವ್ರನ್ನ ಕರಸೋಣು, ಹಾಡಸೋಣು.”

“ಹಾಡು ಮಂದೀವು, ಕಮಳಾ. ಅವ್ರು ಹಾಡ್ತಾರ, ಛಲೋನ ಹಾಡ್ತಾರ.” ಅವರ ಕೈ ಮಗನ ತಲೆಯ ಮೇಲೆಯೇ ಇತ್ತು. “ಹಾಡು ನಡದಾಗ ನಡುವ ನಮ್ಮ ಮನಿಯವ್ರಿಗಿ ಕೆಮ್ಮ ಬಂದಿತ್ತು. ಹಾಡು ನಿಂದರ್ಸಿ ‘ಏ, ನೀರ ತಾ’ ಅಂತ ನನ್ನ ಕರದಿದ್ರು. ಈ ಹುಡಗಿ ಅದನ್ನೂ ತುಂಬಿಕೊಂಡಿದ್ಳು. ನಾ ಹಾಡ ಕೇಳಾಕ ಕುಂದರ್ತಿದ್ದಿಲ್ಲ. ಅದೊಂದ ಮಾತ ಬರೂದನ್ನ ಕಾಯ್ಕೋತ ಕುಂದರ್ತಿದ್ದೆ. ಅದನ್ನ ಯಾರಿಂದ ಹಾಡಸ್ತಿ?”

ಸೋನಾಲಿ ಎದ್ದು ಒಳಗೆ ಹೋದಳು. ಮೊಬೈಲಿನಿಂದ ಅಳಿಸಿದ್ದು ತಾನೇ ಎಂದು ಆ ಮಗು ಒಲೆಯ ಮುಂದೆ ಕೂತು ಅತ್ತದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮುಂದಿನ ಅಮಾವಾಸ್ಯೆಗೆ ಡೊಳ್ಳಿನವರೆಲ್ಲ ಬಿರೋಬಾನ ಗುಡಿಯಲ್ಲಿ ಕೂಡಿದ್ದರು. ಆರತಿ ಆದ ಮೇಲೆ ಅಣ್ಣಾರಾಯ ಎದ್ದು ನಿಂತ. ಹಣೆಯ ತುಂಬ ಭಂಡಾರವಿತ್ತು. ಸರ್ವಿಸ್ ಸೆಂಟರಿನಲ್ಲಿ ಒಬ್ಬನ ಮುಂದೆ ಹೇಳಲಾಗದ ಮಾತನ್ನು ಊರಿನ ಮುಂದೆ ಹೇಳಿದ.

“ನಮ್ಮ ಲ್ಯಾಪ್‌ಟಾಪಿನಾಗ ಭಂಡಾರ ಬಿತ್ತು, ಕೆಟ್ಟಿತು. ನಾ ಅದನ್ನ ಮುಚ್ಚಿಟ್ಟೆ. ನಮ್ಮಪ್ಪನ ದನಿ ಹೋತು. ನಮ್ಮವ್ವಗ ಏನ ಕೇಳಸ್ಲಿ ಅಂತ ನನಗ ತಿಳೀವಲ್ದು. ನಿಮ್ಮ ಮನ್ಯಾಗ ಹಿಂಗ ಆಗಬಾರದು. ಈಗ ಕಾಂಚನ ಹೇಳ್ತಾಳ, ಕೇಳ್ರಿ. ನಾ ಆವತ್ತ ಕೇಳಲಿಲ್ಲ.”

ಹೆಣ್ಣುಮಗಳು ಗುಡಿಯ ಕಟ್ಟೆಯ ಮೇಲೆ ನಿಂತು ಮಾತಾಡಿದ್ದು ನಮ್ಮೂರಿನಲ್ಲಿ ಅದೇ ಮೊದಲು. ಕಾಂಚನ ಉದ್ದ ಮಾತಾಡಲಿಲ್ಲ. “ಪೂಜಿ ಬಿಡಬ್ಯಾಡ್ರಿ. ಆದ್ರ ಮಷೀನು ಬಂದ್ ಮಾಡ್ರಿ, ವಾಯರ್ ತಗೀರಿ, ಮುಚ್ಚಳಾ ಹಾಕಿ ಮ್ಯಾಲ ಬೆರಳಿಲೆ ಒಂದ ಬೊಟ್ಟು ಭಂಡಾರ ಹಚ್ಚರಿ. ನೀರ ಚಿಮುಕಿಸಬ್ಯಾಡ್ರಿ, ಪುಡಿ ತೂರಬ್ಯಾಡ್ರಿ. ಮನುಷ್ಯಾರ ದನಿ, ಫೋಟೋ ಒಂದ ಕಡೆ ಇಡಬ್ಯಾಡ್ರಿ. ಪೆನ್ ಡ್ರೈವಿಗಿ ಒಂದ ಕಾಪಿ ಹಾಕಿ ಟ್ರಂಕಿನಾಗ ಇಡ್ರಿ, ಬೀಗರ ಮೊಬೈಲಿಗಿ ಒಂದ ಕಳಸ್ರಿ. ಇನ್ನೊಂದ ಕಡೆ ಹಾಕಿದ ಕಾಪಿ ಹಚ್ಚಿ ಕೇಳ್ರಿ, ಆಮ್ಯಾಲ ಇಲ್ಲಿಂದ ಅಳಸ್ರಿ. ರಿಪೇರಿಗಿ ಕೊಡುವಾಗ ಏನ ಬಿದ್ದೈತಿ, ಒಳಗ ಏನ ಐತಿ, ಎರಡೂ ಖರೆ ಹೇಳ್ರಿ.”

ಅಲ್ಲಿಯೇ ಮುದುಕರು ತಮ್ಮ ಮೊಬೈಲು ತೆಗೆದು ಅವಳ ಕೈಗೆ ಕೊಡತೊಡಗಿದರು. ಯಾರದೋ ಅಣ್ಣನ ಹಾಡು, ಯಾರದೋ ಅವ್ವನ ಬೀಸುವ ಪದ. ಹೊತ್ತು ಮುಳುಗುವವರೆಗೂ ಕಾಂಚನ, ಸೋನಾಲಿ ಇಬ್ಬರೂ ಕಾಪಿ ಮಾಡಿಕೊಟ್ಟರು. ಮೈಲಾರಲಿಂಗರ ದನಿ ಯಾರ ಮೊಬೈಲಿನಲ್ಲಾದರೂ ಇರಬಹುದು ಎಂದು ಅಣ್ಣಾರಾಯ ಒಬ್ಬೊಬ್ಬರನ್ನೂ ಕೇಳಿದ. ಎಲ್ಲಿಯೂ ಸಿಗಲಿಲ್ಲ.

ಅಕ್ಕಂದಿರೇ, ತಂಗಿಯರೇ, ಇದನ್ನು ಕೇಳಿ ಎದ್ದ ಮೇಲೆ ಬೇರೆ ಕೆಲಸ ಹಿಡಿಯುವ ಮೊದಲು ಇದೊಂದು ಮಾಡಿರಿ. ನಿಮ್ಮ ಮನೆಯಲ್ಲಿ ಹೋದವರ ದನಿ ಎಲ್ಲಿದೆ ನೋಡಿರಿ. ಒಂದೇ ಕಡೆ ಇದ್ದರೆ ಅದು ಇಲ್ಲದ ಹಾಗೆಯೇ. ಇವತ್ತೇ ಇನ್ನೊಂದು ಕಡೆ ಇಡಿರಿ, ನಿಮಗೆ ಬಾರದಿದ್ದರೆ ಬಲ್ಲವರನ್ನು ಕೇಳಿರಿ, ನಾಚಿಕೆ ಬೇಡ. ಸಾಮಾನು ಕೆಟ್ಟರೆ ಮತ್ತೊಂದು ಬರುತ್ತದೆ. ಅಣ್ಣಾರಾಯನ ಮನೆಯ ಲ್ಯಾಪ್‌ಟಾಪ್ ಈಗ ಬಹಳ ಚೆನ್ನಾಗಿ ನಡೆಯುತ್ತದೆ. ತುಳಜಾಬಾಯಿ ರವಿವಾರ ಬೇಗ ಏಳುವುದನ್ನು ಬಿಟ್ಟಿದ್ದಾರೆ.