ಗವಸಿನೊಳಗಿನ ಅಣ್ಣ

ಸೋದರತ್ತೆಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಅಣ್ಣ ತೀರಿಕೊಂಡ ಮೇಲಂತೂ ಅದು ಅಲ್ಲಿಂದ ಇಳಿದದ್ದೇ ಇಲ್ಲ. ಅತ್ತಿಗೆ ಕೆಲಸಕ್ಕೆ ಹೋದಾಗ ಅಣ್ಣನ ಹದಿನೈದರ ಮಗಳು ಒಂಟಿಯಾಗಬಾರದು, ಅವಳಿಗೆ ನಾಲ್ಕು ಸಮಾಧಾನದ ಮಾತು ಹೇಳಬೇಕು ಎಂದೇ ಇವಳು ಬಂದು ಉಳಿದಿದ್ದಳು. ಹುಡುಗಿ ಮಾತಿಗೆ ಸಿಕ್ಕರೆ ತಾನೇ? ಉಂಡು ಕೋಣೆ ಸೇರಿದರೆ ಮುಗಿಯಿತು.

ಆವತ್ತು ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಿದ್ದಾಗ ಆ ಕೋಣೆಯಿಂದ ನಗು ಕೇಳಿಸಿತು. ಅದೂ ಎಂಥದ್ದು, ಹೊಟ್ಟೆ ಹಿಡಿದುಕೊಂಡು ನಗುವ ನಗು! ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ನೂಕಿ, ಹಿಂದೆ ಮುಂದೆ ನೋಡದೆ ಹುಡುಗಿಯ ಕೆನ್ನೆಗೆ ಬಾರಿಸಿದಳು.

"ಅಪ್ಪ ಸತ್ತು ತಿಂಗಳಾಗಿಲ್ಲ, ಮೊಬೈಲ್ ಹಿಡ್ಕೊಂಡು ಹಲ್ಲು ಕಿರೀತೀಯಾ? ನಾಚಿಕೆ ಆಗಲ್ವಾ ನಿಂಗೆ?"

ಹುಡುಗಿ ಅಳಲಿಲ್ಲ. ಮೊಬೈಲನ್ನು ಅತ್ತೆಯ ಕಡೆ ತಿರುಗಿಸಿದಳು.

ಅದರಲ್ಲಿ ಅಣ್ಣ ಇದ್ದ. ರಜಾಯಿಗೆ ಗವಸು ತೊಡಿಸಲು ಹೋಗಿ ತಾನೇ ಅದರೊಳಗೆ ಸಿಕ್ಕಿಕೊಂಡಿದ್ದ. ಕಾಲೆರಡು ಮಾತ್ರ ಹೊರಗೆ, ಉಳಿದದ್ದೆಲ್ಲ ಮಂಚದ ಮೇಲೆ ಮೂಟೆಯ ಹಾಗೆ ಉರುಳಾಡುತ್ತ ಕೂಗುತ್ತಿತ್ತು: "ಅಯ್ಯೋ ಮಗಳೇ, ಇದಕ್ಕೆ ಬಾಗಿಲು ಎಲ್ಲಿಟ್ಟಿದ್ದಾರೆ ಹೇಳೇ!"

ಅತ್ತೆಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ತಟ್ಟನೆ ಬಾಯಿ ಮುಚ್ಚಿಕೊಂಡಾಗ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಮತ್ತೆ ತಲೆ ಎತ್ತಿ ಹುಡುಗಿಯನ್ನು ನೋಡಲು ಅವಳಿಗೆ ಮುಖವಿರಲಿಲ್ಲ.

"ನಿಮಗೂ ತೋರಿಸ್ಬೇಕು ಅಂತ ಎಷ್ಟು ಸಲ ಅಂದ್ಕೊಂಡೆ ಅತ್ತೆ," ಎಂದಳು ಹುಡುಗಿ, ಕೆನ್ನೆ ಒತ್ತಿಕೊಳ್ಳುತ್ತ. "ಬೈತೀರೇನೋ ಅಂತ ಸುಮ್ನಾದೆ."