ಹಲ್ಲಿನ ಡಾಕ್ಟರ ಮೂರು ಐಪೀಸು

ಹಲ್ಲಿನ ಡಾಕ್ಟರಿಗೆ ಸೂರ್ಯನ ಹುಚ್ಚು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ, ಅದರ ಮೇಲೆ ತಾರಸಿ, ತಾರಸಿಯಲ್ಲಿ ಟೆಲಿಸ್ಕೋಪು. ಅದರ ಮೂತಿಗೆ ಸೂರ್ಯನನ್ನು ನೋಡುವ ಫಿಲ್ಟರನ್ನು ಬಿಗಿದು, ಎಳೆದು ಪರೀಕ್ಷಿಸಿ ಆಮೇಲೆಯೇ ಅವರು ಕಣ್ಣಿಡುತ್ತಿದ್ದರು. ತಕರಾರು ಇದ್ದದ್ದು ಕಣ್ಣಿಡುವ ತುದಿಯ ಗಾಜಿನಲ್ಲಿ, ಅಂದರೆ ಐಪೀಸಿನಲ್ಲಿ. ಗೆಳೆಯರೊಬ್ಬರು ಮೂರು ಐಪೀಸು ಕಳಿಸಿ, ಒಂದನ್ನು ಇಟ್ಟುಕೊಂಡು ಉಳಿದವನ್ನು ಸಂಜೆಗೆ ಮರಳಿಸಿ ಎಂದಿದ್ದರು.

ಅಂದು ಬೆಳಿಗ್ಗೆ ದವಡೆ ಹಲ್ಲು ಕೀಳಿಸಿಕೊಳ್ಳಲು ವಕೀಲರು ಬಂದಿದ್ದರು. ಡಾಕ್ಟರು ಅವರ ಒಸಡಿಗೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿ, ಅದು ಹತ್ತುವಷ್ಟರಲ್ಲಿ ಬಂದೆ ಎಂದು ಹೇಳಿ ಒಂದೇ ಉಸಿರಿಗೆ ತಾರಸಿ ಸೇರಿದರು.

ಅಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದರು. ಅವರು ಕನ್ನಡಕದವರು, ಅಭಿಪ್ರಾಯಕ್ಕಂತೂ ಬರವಿಲ್ಲದವರು. ಐಪೀಸು ನೋಡಿ ಹೇಳಲು ಅವರೇ ಸಿಕ್ಕರು. ಪಕ್ಕದ ಬೆಳಕು ಬಿದ್ದರೆ ಸೂರ್ಯನ ಕಲೆಗಳು ಮಂಕಾಗುತ್ತವೆಂದು ಡಾಕ್ಟರು ತಂತಿಯ ಮೇಲಿದ್ದ ಕಪ್ಪು ಹೊದಿಕೆಯನ್ನೇ ಎಳೆದು ಅವರ ತಲೆಗೆ ಹೊದಿಸಿದರು.

ಮೊದಲ ಐಪೀಸಿನ ತೂತು ಸಾಸಿವೆಕಾಳಿನಷ್ಟು. ಕನ್ನಡಕ ತೆಗೆದು, ಕಣ್ಣನ್ನು ಗಾಜಿಗೆ ಅಂಟಿಸಿದರೆ ಮಾತ್ರ ಏನಾದರೂ ಕಂಡೀತು. ಅತ್ತೆ ಅಂಟಿಸಿದರು.

"ಸೂರ್ಯನಿಗೆ ಮೀಸೆ ಬಂದಿದೆ, ಅಳಿಯಂದ್ರೇ."

ಅದು ಅವರದೇ ರೆಪ್ಪೆಗೂದಲು. ಡಾಕ್ಟರು ಎರಡನೆಯದನ್ನು ಹಾಕಿದರು. ಅದು ಅವರ ಮುದ್ದಿನದು: ಚೊಂಬಿನ ಗಾತ್ರ, ಹೊಟ್ಟೆ ತುಂಬ ಗಾಜು. ಅತ್ತೆ ಬಗ್ಗಿ ನೋಡಿ, ಸೂರ್ಯ ಮುಳುಗಿದನಲ್ಲ, ಬಟ್ಟೆ ಎತ್ತಿಡಲೇ ಎಂದು ಕೇಳಿದರು. ಹೆಣಭಾರದ ಐಪೀಸಿಗೆ ಟೆಲಿಸ್ಕೋಪಿನ ಹಿಂಬದಿ ಕುಸಿದು, ಮೂತಿ ಬರಿ ಆಕಾಶಕ್ಕೆ ಎದ್ದಿತ್ತು. ಡಾಕ್ಟರು ಮೂತಿಯ ಕಡೆಗೆ ಒಂದು ಚಪ್ಪಲಿ ಕಟ್ಟಿ ತೂಕ ಸರಿಮಾಡಿದರು. ಈ ಸಲ ಸೂರ್ಯ ಸಿಕ್ಕಿದ. ಆದರೆ ಅಷ್ಟೊಂದು ಗಾಜುಗಳ ನಡುವೆ ಬೆಳಕು ಚೆಲ್ಲಾಡಿ, ನೀರು ಬೆರೆಸಿದ ಹಾಲಿನಲ್ಲಿ ಅದ್ದಿದಂತಿದ್ದ. ಡಾಕ್ಟರು ಮುದ್ದಿನ ಐಪೀಸಿನ ಪರವಾಗಿ ವಾದಕ್ಕೆ ಇಳಿದರು. ಕೆಳಗಿನ ಹಲ್ಲು ಮರೆತೇ ಹೋಯಿತು.

ಅಷ್ಟರಲ್ಲಿ ಕೊರಳಿಗೆ ಕ್ಲಿನಿಕ್ಕಿನ ಬಟ್ಟೆ ಕಟ್ಟಿಕೊಂಡೇ ವಕೀಲರು ಮೆಟ್ಟಿಲು ಹತ್ತಿ ಬಂದರು. ಕೋಪವೇನೋ ಕೆಂಡದಂತಿತ್ತು, ಮರಗಟ್ಟಿದ ತುಟಿ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ.

"ಇಫು ನ್ಯಾಫನಾ, ಡಾಕ್ಟೇ?"

ಡಾಕ್ಟರ ಕಣ್ಣಿಗೆ ಬಿದ್ದದ್ದು ಅವರ ದಪ್ಪ ಕನ್ನಡಕ. ಚಪ್ಪಲಿ ಬಿಚ್ಚಿ, ಮೂರನೆಯದನ್ನು ತೂರಿಸಿ, ಅದರ ರಬ್ಬರಿನ ಅಂಚು ಮಡಚಿ, ಕನ್ನಡಕ ತೆಗೆಯುವುದೇ ಬೇಡವೆಂದು ವಕೀಲರನ್ನು ಸ್ಟೂಲಿನ ಮೇಲೆ ಕೂರಿಸಿ ಹೊದಿಕೆಯೊಳಗೆ ಸೇರಿಸಿದರು. ಇದು ಸಾದಾ ಐಪೀಸು, ಒಳಗೆ ಗಾಜು ಕಡಿಮೆ. ಕಣ್ಣು ಹೆಬ್ಬೆರಳಿನಷ್ಟು ದೂರವಿದ್ದರೂ ಪೂರ್ತಿ ಬಿಂಬ ಸಿಗುತ್ತಿತ್ತು.

ವಕೀಲರು ಇಣುಕಿದರು. ಮಸಿಯಂಥ ಕಪ್ಪಿನಲ್ಲಿ ಕತ್ತರಿಸಿಟ್ಟಂತೆ ದುಂಡನೆಯ ಸೂರ್ಯ. ಮೈಮೇಲೆ ಎರಡು ಕಲೆ, ಕಲೆಯ ಸುತ್ತ ಬೂದಿ ಬಣ್ಣದ ಕುಚ್ಚು. ಡಾಕ್ಟರು ಕೆಳಗೆ ಕರೆದರೆ ಆಸಾಮಿ ಜಪ್ಪಯ್ಯ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮಾತು ಸ್ಪಷ್ಟವಾಗತೊಡಗಿತು: ಮರಗಟ್ಟಿದ್ದು ಇಳಿಯುತ್ತಿತ್ತು.

"ಅವರು ಇಳಿಯಲ್ಲ ಅಂದ್ರೆ ಇಕ್ಕಳನೇ ಹತ್ಲಿ," ಎಂದರು ಅತ್ತೆ.

ಇಕ್ಕಳ ಬಂತು, ಇನ್ನೊಂದು ಇಂಜೆಕ್ಷನ್ನೂ ಬಂತು. ಅತ್ತೆ ಹೊದಿಕೆಯನ್ನು ವಕೀಲರ ಮೂಗಿನವರೆಗೆ ಎತ್ತಿ ಹಿಡಿದರು.

"ಕಣ್ಣು ಅಲ್ಲೇ ಇರ್ಲಿ," ಎಂದರು ಡಾಕ್ಟರು. "ಬಾಯಿ ಮಾತ್ರ ನನಗೆ ಬಿಡಿ."

ಹಲ್ಲು ಹಟಮಾರಿ. ಎಳೆದಾಟಕ್ಕೆ ವಕೀಲರ ತಲೆ ತೂಗಿತು, ಸ್ಟೂಲು ಕಿರುಗುಟ್ಟಿತು, ಅತ್ತೆ ಕಣ್ಣು ಮುಚ್ಚಿಕೊಂಡರು. ಕೊನೆಗೆ ಹಲ್ಲು ಕಿತ್ತು ಬಂದಾಗ ಡಾಕ್ಟರು ನೋವಾಯಿತೇ ಎಂದು ಕೇಳಲಿಲ್ಲ.

"ಸೂರ್ಯ ತಪ್ಪಿಹೋದ್ನಾ?"

ವಕೀಲರು ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು, ಕಣ್ಣು ಕೀಳದೆ, ಇಲ್ಲವೆಂದು ಬೆರಳಾಡಿಸಿದರು.

ಸಂಜೆ ಚೊಂಬೂ ಸಾಸಿವೆಯೂ ಗೆಳೆಯರ ಮನೆಗೆ ಮರಳಿದವು. ಮುಂದಿನ ವಾರ ವಕೀಲರು ಇನ್ನೊಂದು ಹಲ್ಲು ನೋಯುತ್ತಿದೆ ಎಂದು ಬಂದರು. ಡಾಕ್ಟರು ತಟ್ಟಿ, ಕುಟ್ಟಿ ನೋಡಿದರು; ಹಲ್ಲು ಕಲ್ಲಿನಂತಿತ್ತು. ಯಾವುದಕ್ಕೂ ಮೇಲೆ ಬೆಳಕಿನಲ್ಲಿ ಇನ್ನೊಮ್ಮೆ ನೋಡಿಬಿಡೋಣ ಎಂದು ಇಬ್ಬರೂ ಗಂಭೀರವಾಗಿ ಮೆಟ್ಟಿಲು ಹತ್ತಿದರು.