ಅಂಜಲೈಯ ಹೇಳಿಕೆ

“ನೀನು ಶಾಸಕ ಆಗಿರೋದು ಮದ್ರಾಸ್ನಾಗೆ ಕಣ್ಲಾ. ಇಲ್ಲಿ ಜಗಲಿ ಇಳ್ದು ನಿಂತ್ಕೊಂಡು ಮಾತಾಡು, ಬೋಳಿಮಗನೆ.”

ಮಣ್ಣಾಂಗಟ್ಟಿ ಇಳಿದು ನಿಂತ. ಮೇಲೆ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದವನು ಪಕ್ಷದ ಜಿಲ್ಲಾ ಕಾರ್ಯದರ್ಶಿ ಉಲಗನಾಥನ್. ಕಡಲೂರು ಸೀಮೆಯ ಆ ಭಾಗದ ಗೇರುತೋಪುಗಳು ಮುಕ್ಕಾಲು ಪಾಲು ಅವನವೇ. ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ ವರ್ಷ ತಾನು ನಿಲ್ಲುವಂತಿಲ್ಲ ಎಂದು ಗೊತ್ತಾದಾಗ, ಹಟ್ಟಿಯಿಂದ ಎತ್ತು ಹೊಡೆದುಕೊಂಡು ಬಂದ ಹಾಗೆ ಊರಾಚೆಯ ದಲಿತರ ಚೇರಿಯಿಂದ ಮಣ್ಣಾಂಗಟ್ಟಿಯನ್ನು ಕರೆತಂದು ನಿಲ್ಲಿಸಿದ್ದ. ಅಲ್ಲಿಯವರೆಗೆ ಇವನು ಗೋಡೆಗಳಿಗೆ ಪೋಸ್ಟರ್ ಅಂಟಿಸುತ್ತಿದ್ದವನು. ಮೂರು ಸಲ ಗೆದ್ದ. ವಿಧಾನಸಭೆಯಲ್ಲಿ ಎರಡು ಸಲ ಬಾಯಿಬಿಟ್ಟಿದ್ದ. ಎರಡು ಸಲವೂ ಉಲಗನಾಥನ ಗುಮಾಸ್ತ ಬರೆದುಕೊಟ್ಟಿದ್ದನ್ನೇ ಓದಿದ್ದ.

ಈಗ ಉಲಗನಾಥನ ಗೇರುಬೀಜ ಸುಡುವ ಕೊಟ್ಟಿಗೆಗೆ ನಡುಮಧ್ಯಾಹ್ನ ಬೆಂಕಿ ಬಿದ್ದು ಐದು ಹೆಂಗಸರು ಸತ್ತಿದ್ದರು. ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಹೋಗುತ್ತಾರೆಂದು ದಿನವೂ ಅವರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದು ಅಲ್ಲಿಯ ರೂಢಿ. ಸತ್ತವರಲ್ಲಿ ಮಣ್ಣಾಂಗಟ್ಟಿಯ ಅಕ್ಕ ಅಂಜಲೈಯ ಮಗಳು ಪೂವಾಯಿಯೂ ಇದ್ದಳು. ಹತ್ತೊಂಬತ್ತು ವರ್ಷ.

“ಬೀಗ ಇರ್ಲಿಲ್ಲ, ಹುಡ್ಗೀರೇ ಒಲೆ ಮುಂದೆ ಮೈಮರ್ತು ಕೂತಿದ್ರು. ಹಂಗಂತ ನಿಮ್ಮಕ್ಕ ಬರ್ಕೊಡ್ಲಿ,” ಎಂದ ಉಲಗನಾಥನ್. ಶಾಸಕನ ಅಕ್ಕನೇ ಬರೆದುಕೊಟ್ಟರೆ ಉಳಿದ ನಾಲ್ಕು ಮನೆಯವರ ಬಾಯಿ ತಾನೇ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ಆಮೇಲೆ ದನಿ ತಗ್ಗಿಸಿ, ಮುಂದಿನ ವಾರ ಮಂತ್ರಿಮಂಡಲಕ್ಕೆ ಇಬ್ಬರನ್ನು ಸೇರಿಸಿಕೊಳ್ಳುತ್ತಾರೆಂದೂ ಒಂದು ಹೆಸರು ತಾನು ಕಳಿಸಬೇಕೆಂದೂ ಹೇಳಿದ. “ನಿನ್ ಹೆಸ್ರು ಕಳಿಸ್ಲೋ, ಇನ್ಯಾವ್ದಾದ್ರೂ ನಾಯಿದು ಕಳಿಸ್ಲೋ?”

ಗುಮಾಸ್ತ ಆಗಲೇ ಬರೆದಿಟ್ಟಿದ್ದ ಹೇಳಿಕೆಯ ಕಾಗದವನ್ನು ಮಣ್ಣಾಂಗಟ್ಟಿ ತೆಗೆದುಕೊಂಡ.

ಸರ್ಕಾರಿ ಆಸ್ಪತ್ರೆಯ ಹೆಣದ ಕೋಣೆಯ ಮುಂದೆ ಅಂಜಲೈ ಎರಡು ದಿನದಿಂದ ಕೂತಿದ್ದಳು. ಹೆಣ ಕೊಡುತ್ತಿರಲಿಲ್ಲ. ಯಾಕೆಂದು ಯಾರೂ ಹೇಳುತ್ತಿರಲಿಲ್ಲ. ತಮ್ಮನನ್ನು ಕಂಡವಳೇ ಅವನ ಮುಂಗೈ ಹಿಡಿದುಕೊಂಡಳು.

“ಬಂದ್ಯಾ? ನೀನು ಬಂದ್ರೆ ಕೊಡ್ತಾರೆ ಅಂತ ಎಲ್ರಿಗೂ ಹೇಳ್ದೆ ಕಣಪ್ಪ.”

“ಕೊಡ್ತಾರಕ್ಕ. ಇದಕ್ಕೊಂದು ಹೆಬ್ಬೆಟ್ಟು ಒತ್ತು.”

“ಏನದು?”

“ಮಗೂನ ಮನೆಗೆ ಒಯ್ಯೋ ಕಾಗ್ದ.”

ಅವಳು ಮತ್ತೇನೂ ಕೇಳಲಿಲ್ಲ. ಜೊತೆಗೆ ಬಂದಿದ್ದ ಉಲಗನಾಥನ ವಕೀಲ ಅವಳ ಬೆರಳಿಗೆ ಶಾಯಿ ಸವರಿ ಒತ್ತಿಸಿದ. ಬರೀ ಕಪ್ಪು ಮಚ್ಚೆ ಮೂಡಿತು. ಮೂವತ್ತು ವರ್ಷ ಗೇರುಬೀಜ ಒಡೆದು, ಸಿಪ್ಪೆಯ ಸುಡುವ ಎಣ್ಣೆ ತಿಂದ ಬೆರಳಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಎಡಗೈಯದೂ ಅಷ್ಟೇ. ವಕೀಲ ಗೊಣಗಿಕೊಂಡು, ಹಾಗಾದರೆ ಇದು ಇವಳದೇ ಗುರುತು, ಓದಿ ಹೇಳಿದ ಮೇಲೆಯೇ ಒತ್ತಿದಳು ಎಂದು ಓದುಬರಹ ಬಲ್ಲವರೊಬ್ಬರು ಸಾಕ್ಷಿ ಹಾಕಬೇಕು ಎಂದ.

ಅಂಜಲೈ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ, “ನನ್ ತಮ್ಮ ಹಾಕ್ತಾನೆ ಬಿಡಿ, ಸಾಮಿ. ಹತ್ತನೇ ಕ್ಲಾಸು ಓದವ್ನೆ. ನಾನೇ ಓದಿಸ್ದೆ,” ಎಂದಳು.

ಮಣ್ಣಾಂಗಟ್ಟಿ ಪೆನ್ನಿನ ಮುಚ್ಚಳ ತೆಗೆದ. ಕಾಗದದಲ್ಲಿ ಏನಿದೆ ಎಂದು ಆಗಲಾದರೂ ಹೇಳಿಬಿಡಬಹುದಿತ್ತು, ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಸಹಿ ಹಾಕಿದ. ಅರ್ಧ ಗಂಟೆಯಲ್ಲಿ ಹೆಣ ಹೊರಗೆ ಬಂತು. ಹೆಣ ಹೊತ್ತ ಗಾಡಿ ಹೊರಟಾಗ ಅಂಜಲೈ ತಮ್ಮನ ತಲೆ ಸವರಿದಳು.

ಅವನು ಮಂತ್ರಿಯಾದ.

ಹೆಬ್ಬೆಟ್ಟು ಒತ್ತಿಸಿಕೊಂಡ ಆ ಹೇಳಿಕೆ ಪತ್ರಿಕೆಯಲ್ಲಿ ಬಂದಾಗ ಅದನ್ನು ಚೇರಿಯ ಟೀಚರಮ್ಮ ಅಂಜಲೈಗೆ ಓದಿ ಹೇಳಿದಳು. ಅವಳು ಇನ್ನೊಂದು ಸಲ ಓದಿಸಿದಳು. ಸಾಕ್ಷಿಯ ಹೆಸರನ್ನು ಮೂರನೆಯ ಸಲವೂ ಓದಿಸಿದಳು. ಅಳಲಿಲ್ಲ. ಎದ್ದು ಸತ್ತವರ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಬಂದಳು.

ಪರಿಹಾರದ ಚೆಕ್ಕು ಕೊಡಲು ಮಂತ್ರಿಯೇ ಊರಿಗೆ ಬಂದ. ಶಾಲೆಯ ಮೈದಾನದಲ್ಲಿ ಶಾಮಿಯಾನ. ವೇದಿಕೆಯ ನಡುವೆ ಉಲಗನಾಥನ್, ಪಕ್ಕದಲ್ಲಿ ಕುರ್ಚಿಯ ಅಂಚಿಗೆ ಮಣ್ಣಾಂಗಟ್ಟಿ. ಕೆಳಗೆ ಗೇರುಬೀಜ ಒಡೆಯುವ ಹೆಂಗಸರು ನೆಲದ ಮೇಲೆ ಕೂತಿದ್ದರು. ಮೊದಲ ಹೆಸರು ಅಂಜಲೈಯದು. ಫೋಟೋದವನು ಚೆಕ್ಕನ್ನು ಇಬ್ಬರೂ ಹಿಡಿದುಕೊಳ್ಳಿ ಎಂದ. ಅವಳು ಚೆಕ್ಕು ಮುಟ್ಟದೆ, ತಮ್ಮನ ಕಡೆಗೂ ನೋಡದೆ, ಸೀದಾ ಮೈಕಿನ ಮುಂದೆ ನಿಂತಳು.

“ನಾನು ಅಂಜಲೈ. ಪೂವಾಯಿ ಅವ್ವ. ಕೊಟ್ಟಿಗೆಗೆ ಬೀಗ ಹಾಕಿತ್ತು.”

ಉಲಗನಾಥನ್ ಕೈ ಎತ್ತಿದ. ಮೈಕು ಸತ್ತಿತು. ಅವಳ ದನಿ ಮೊದಲ ಸಾಲು ದಾಟಲಿಲ್ಲ. ಆದರೆ ಆ ಸಾಲಿನ ಹೆಂಗಸರು ಹಿಂದಕ್ಕೆ ತಿರುಗಿ, ಕೇಳಿದ್ದನ್ನು ಹಾಗೆಯೇ ಹೇಳಿದರು. “ಬೀಗ ಹಾಕಿತ್ತು.” ಎರಡನೆಯ ಸಾಲು ಮೂರನೆಯದಕ್ಕೆ ಹೇಳಿತು.

“ಕೀಲಿಕೈ ಉಲಗನಾಥಯ್ಯನ ಮೇಸ್ತ್ರಿ ಸೊಂಟದಾಗಿತ್ತು.”

“ಸೊಂಟದಾಗಿತ್ತು.”

“ಒಳಗಿಂದ ಬಡೀತಿದ್ರು. ತೆಗೀಲಿಲ್ಲ.”

“ತೆಗೀಲಿಲ್ಲ.”

ಉಲಗನಾಥನ್ ನಗುಮುಖ ಕೆಡಿಸದೆ ಮಂತ್ರಿಯ ಕಿವಿಗೆ ಬಾಗಿದ. “ಹೋಗಿ ಆ ಮುಂಡೆ ಬಾಯಿ ಮುಚ್ಚಿಸ್ಲಾ. ಇಲ್ಲಾಂದ್ರೆ ಪೊಲೀಸ್ನೋರು ಮುಚ್ಚಿಸ್ತಾರೆ.”

ಮಣ್ಣಾಂಗಟ್ಟಿ ಎದ್ದ. ಪೇದೆಗಳು ದಾರಿ ಬಿಟ್ಟರು. ಅಕ್ಕನಿಂದ ಎರಡು ಹೆಜ್ಜೆ ದೂರದಲ್ಲಿ ಅವನ ಕಾಲು ನಿಂತಿತು. ಅಂಜಲೈ ಆಗ ಮಾತ್ರ ತಿರುಗಿ ಅವನ ಮುಖ ನೋಡಿದಳು. ನೋಡುತ್ತಲೇ ಕೊನೆಯ ಮಾತು ಹೇಳಿದಳು.

“ಬೀಗ ಇರ್ಲಿಲ್ಲ ಅನ್ನೋ ಕಾಗ್ದಕ್ಕೆ ಸೈನು ಹಾಕ್ದೋನು ನನ್ನ ತಮ್ಮ.”

“ನನ್ನ ತಮ್ಮ,” ಎಂದಿತು ಮೊದಲ ಸಾಲು. “ನನ್ನ ತಮ್ಮ,” ಎಂದಿತು ಎರಡನೆಯದು. ಮೈದಾನದ ಕೊನೆಯವರೆಗೂ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತು, ಅವನನ್ನೇ ನೋಡುತ್ತ ಹೇಳುತ್ತ ಹೋದರು.